ಎರಡು ಸಲ ಮಿನುಗಿದ ಬ್ಯಾಟರಿ

ಕೊರೋನಾ ಗಲಾಟೆ ಅಡಗಿದ ಮರುವರ್ಷದ ಮಾತು. ನಾನಾಗ ಪೊಲೀಸ್ ಪಡೆಯಲ್ಲಿ ಎ.ಎಸ್.ಐ., ಕೆಲಸ ಶಸ್ತ್ರ ತರಬೇತುದಾರನದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಠಾಣೆಗಳಿಂದ ಪಿಸ್ತೂಲಿನಲ್ಲಿ ಕೈ ಕುದುರಿದವರನ್ನು ಆರಿಸಿ ಪಂದ್ಯಗಳಿಗೆ ತಯಾರು ಮಾಡುವುದು ನನ್ನ ಪಾಲಿಗೆ ಬಂದಿತ್ತು. ನಿವೃತ್ತಿ ಹತ್ತಿರದಲ್ಲಿತ್ತು. ಇಷ್ಟು ವರ್ಷ ಬಂದೂಕಿನ ಎಣ್ಣೆಯ ವಾಸನೆ ಕುಡಿದವನ ತಲೆಯನ್ನು ಇನ್ನು ಯಾರು ಹೊಸದಾಗಿ ಕೆಡಿಸಿಯಾರು ಎಂದುಕೊಂಡಿದ್ದೆ. ಕೆಡಿಸಿದಳು, ಸಿಂದಗಿಯಿಂದ ಬಂದ ಒಬ್ಬ ಕಾನ್‌ಸ್ಟೇಬಲ್ ಹುಡುಗಿ. ಆ ಪ್ರಕರಣ ನೆನೆದರೆ ಇವತ್ತಿಗೂ ನನಗೆ ಸರಿ ಯಾವುದು, ತಪ್ಪು ಯಾವುದು ತಿಳಿಯುವುದಿಲ್ಲ.

ಆ ವರ್ಷ ಪಂದ್ಯದಲ್ಲಿ ಕತ್ತಲೆಯ ಪಿಸ್ತೂಲ್ ವಿಭಾಗ ಹೊಸದಾಗಿ ಸೇರಿತ್ತು. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ಟಾರ್ಚು. ನಮ್ಮ ಕಡೆ ಅದಕ್ಕೆ ಬ್ಯಾಟರಿ ಎಂದೇ ಹೆಸರು. ಇದೇನು ಮಹಾ ಎನ್ನಬೇಡಿ. ಬ್ಯಾಟರಿಯನ್ನು ಸುಮ್ಮನೆ ಉರಿಸಿಕೊಂಡು ನಿಂತರೆ ಎದುರಾಳಿಗೆ ನೀವೇ ಗುರಿ. ಒಂದು ಕ್ಷಣ ಬೆಳಕು ಬಿಡಬೇಕು, ನೋಡಬೇಕು, ಹೊಡೆಯಬೇಕು, ಆರಿಸಬೇಕು, ನಿಂತ ಜಾಗದಿಂದ ಒಂದು ಹೆಜ್ಜೆ ಸರಿಯಬೇಕು. ಎಡಗೈ ಹೆಬ್ಬೆರಳು ಗುಂಡಿ ಒತ್ತುವಾಗ ಬಲಗೈ ಬೆರಳೂ ತನಗೆ ತಿಳಿಯದೆ ಟ್ರಿಗರ್ ಒತ್ತಿಬಿಡುವ ಅಪಾಯ ಇದೆ. ಅದಕ್ಕೇ ಗುರಿ ಖಾತ್ರಿಯಾಗುವವರೆಗೆ ಬೆರಳು ಟ್ರಿಗರ್ ಹೊರಗಿರಬೇಕು ಎಂದು ನಾನು ಬಾಯಿ ಹರಿಯುವಷ್ಟು ಕೂಗುತ್ತಿದ್ದೆ.

ಬ್ಯಾಟರಿ ಹಿಡಿಯುವ ಬಗೆಗಳಿಗೆ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. ನಮ್ಮವರು ಅವಕ್ಕೆ ತಮ್ಮ ಹೆಸರಿಟ್ಟರು. ತೋಳನ್ನು ಮೈಯಿಂದ ದೂರ ಚಾಚಿ ಹಿಡಿಯುವುದು ಕಂದೀಲು ಹಿಡಿತ. ಪಿಸ್ತೂಲಿನ ಕೈಯ ಕೆಳಗಿಂದ ಎಡಗೈ ತಂದು, ಎರಡೂ ಮುಂಗೈಗಳ ಹಿಂಬದಿ ಒಂದಕ್ಕೊಂದು ಒತ್ತಿ ನಿಲ್ಲುವುದು ಕತ್ತರಿ ಹಿಡಿತ. ದವಡೆಯ ಪಕ್ಕ ಹಿಡಿದರೆ ಫೋನ್ ಹಿಡಿತ. ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಗಳಿಂದ ಪಿಸ್ತೂಲು ಹಿಡಿಯುವುದು ಬೀಡಿ ಹಿಡಿತ. ನಗು ಬಂದರೂ ಹೆಸರುಗಳು ಚೆನ್ನಾಗಿ ನೆನಪುಳಿದವು.

ಊರ ಹೊರಗೆ ಗುಂಡು ಹೊಡೆಯುವ ರೇಂಜಿನಲ್ಲಿ ತಗಡು ಹೊಡೆದು, ಮೇಲೆ ತಾಡಪತ್ರಿ ಹೊದಿಸಿ, ಹಗಲಿನಲ್ಲೇ ಕತ್ತಲೆ ಮಾಡಿದ್ದೆವು. ಒಳಗೆ ಅಡ್ಡ ತಗಡುಗಳು, ತುದಿಯಲ್ಲಿ ಗುಂಡು ತಡೆಯುವ ಮಣ್ಣಿನ ದಿಬ್ಬ. ಅಲ್ಲಲ್ಲಿ ಮನುಷ್ಯಾಕಾರದ ಹಲಗೆಗಳು: ಕೆಲವಕ್ಕೆ ಕೈಯಲ್ಲಿ ಚೂರಿ ಬರೆದಿತ್ತು, ಕೆಲವು ಬರಿಗೈಯವು. ಬರಿಗೈ ಹಲಗೆಗೆ ಹೊಡೆದರೆ ಅಂಕ ಕಡಿತ. ಕೆಲವು ಹಲಗೆಗಳ ಎದೆಗೆ ಸಣ್ಣ ಬಲ್ಬು. ಅದು ಬ್ಯಾಟರಿ ಹಿಡಿದ ಎದುರಾಳಿ ಎಂದು ಲೆಕ್ಕ. ಕಂಡ ಕೂಡಲೇ ಮೊದಲು ಅದಕ್ಕೇ ಹೊಡೆಯಬೇಕು. ಗುರಿ ಮತ್ತು ಸಮಯ ಎರಡೂ ಸೇರಿ ಫಲಿತಾಂಶ.

ಸಿಂದಗಿಯಿಂದ ಬಂದವಳ ಹೆಸರು ರೇಷ್ಮಾ ನದಾಫ. ತವರು ಆಲಮಟ್ಟಿ ಕಾಲುವೆಯ ದಂಡೆಯ ಹಳ್ಳಿ, ತಂದೆ ಕಾಲುವೆಯ ಗೇಟು ನೋಡಿಕೊಳ್ಳುವವರು. ಮಾತು ಕಡಿಮೆ, ಕೈ ಕಲ್ಲಿನಷ್ಟು ಸ್ಥಿರ. ಅವಳಿಗೆ ತರಬೇತುದಾರಳಾಗುವ ಹಂಬಲ. ಆ ಕೋರ್ಸಿಗೆ ಹೋಗಬೇಕಾದರೆ ಒಮ್ಮೆಯಾದರೂ ತಂಡದಲ್ಲಿ ಆಡಿರಬೇಕು, ವಯಸ್ಸಿನ ಮಿತಿಯೂ ಇತ್ತು. ಅವಳಿಗೆ ಇದೇ ಕೊನೆಯ ಅವಕಾಶ. ನಾನು ಬಿಟ್ಟು ಹೋಗುವ ಜಾಗಕ್ಕೆ ಇವಳೇ ಬರಲಿ ಎಂದು ನನಗೂ ಆಸೆ ಇತ್ತು. ತಂಡದಲ್ಲಿ ಉಳಿದದ್ದು ಒಂದೇ ಸ್ಥಾನ, ಎದುರಿಗೆ ಬಾಗೇವಾಡಿಯ ಈರಣ್ಣ. ಅವನ ಗುರಿ ಇವಳಷ್ಟು ಚೊಕ್ಕಟವಲ್ಲ, ಆದರೆ ಸಿಡಿಲಿನಂಥ ವೇಗ.

ಮೊದಲ ವಾರದಲ್ಲೇ ನನ್ನ ತಲೆ ಕೆಟ್ಟಿತು. ಬಲ್ಬಿಲ್ಲದ ಹಲಗೆಗಳಿಗೆ ರೇಷ್ಮಾ ಕಣ್ಣು ಮಿಟುಕಿಸುವುದರೊಳಗೆ ಹೊಡೆಯುತ್ತಿದ್ದಳು. ಬಲ್ಬಿನ ಹಲಗೆ ಎದುರಾದರೆ ಸಾಕು, ಅವಳ ಬ್ಯಾಟರಿ ಎರಡು ಸಲ ಮಿನುಗುತ್ತಿತ್ತು, ಆಮೇಲೆ ಕತ್ತಲೆ. ಗುಂಡು ಇಲ್ಲ, ಹೆಜ್ಜೆ ಇಲ್ಲ. ಇವಳಿಗೇನು ನಿದ್ದೆ ಬಂತೇ ಎನ್ನುವಷ್ಟು ಹೊತ್ತಾದ ಮೇಲೆ ಢಮ್ ಎಂದು ಗುಂಡು, ಅದೂ ಎದೆಯ ನಟ್ಟನಡುವೆ. ಸಮಯ ಮಾತ್ರ ಮಣ್ಣುಪಾಲು.

ಬ್ಯಾಟರಿಯ ಗುಂಡಿ ಕೆಟ್ಟಿರಬೇಕು ಎಂದು ಬೇರೆ ಬ್ಯಾಟರಿ ಕೊಟ್ಟೆ. ಅದೂ ಎರಡು ಸಲ ಮಿನುಗಿತು. ಹಿಡಿತ ಸರಿಯಿಲ್ಲ ಎಂದು ಕತ್ತರಿ ಬಿಡಿಸಿ ಫೋನ್ ಹಿಡಿತಕ್ಕೆ ತಂದೆ, ಅಲ್ಲಿಂದ ಬೀಡಿಗೆ, ಬೀಡಿಯಿಂದ ಕಂದೀಲಿಗೆ. ನಾಲ್ಕರಲ್ಲೂ ಅದೇ ಹಾಡು. ಬೆಳಕು ಕಣ್ಣಿಗೆ ಕುಕ್ಕುತ್ತಿದೆಯೇನೋ ಎಂದು ಮುದ್ದೇಬಿಹಾಳದ ಕಣ್ಣಿನ ಡಾಕ್ಟರರ ಬಳಿ ಕಳಿಸಿದೆ. ‘ಈಕಿ ಕಣ್ಣು ಹದ್ದಿನ ಕಣ್ಣು, ನಿಮ್ಮದೊಮ್ಮೆ ತೋರಸ್ರಿ’ ಎಂದು ಅವರು ನನಗೇ ಹೇಳಿ ಕಳಿಸಿದರು.

ಕೊನೆಗೆ ಸಿಟ್ಟು ನೆತ್ತಿಗೇರಿತು. “ಏನವಾ, ಹಲಗಿಗೆ ಸಲಾಂ ಹೊಡಿಯಾಕತ್ತಿಯೇನು? ಎರಡ ಸಲ ಯಾಕ ಮಿನುಗಸ್ತಿ?”

ರೇಷ್ಮಾ ನನ್ನ ಮುಖ ನೋಡಿದಳು. “ಯಾರ್ರೀ ಸರ್ರ, ನಾನೇನ್ರಿ? ನಾ ಹಂಗ ಮಾಡಾಂಗಿಲ್ರಿ.”

ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಈರಣ್ಣನಿಗೆ ಮೊಬೈಲಿನಲ್ಲಿ ವೀಡಿಯೊ ಮಾಡಲು ಹೇಳಿ ತೋರಿಸಿದೆ. ನೋಡಿದವಳು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಇದು ನನ್ನ ಕೈ ಹೌದ್ರಿ. ಆದ್ರ ಏನ್ ಮಾಡಾಕತ್ತೈತಿ ಅಂತ ನನಗ ತಿಳಿವಲ್ದರಿ ಸರ್ರ,” ಎಂದು ಅಳುಮುಖ ಮಾಡಿದಳು. ತಲೆಬುಡ ತಿಳಿಯದವರು ಈಗ ಇಬ್ಬರಾದೆವು.

ಆ ಭಾನುವಾರ ಆಲಮಟ್ಟಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ರೇಷ್ಮಾ ರಜೆಯ ಮೇಲೆ ತವರಿಗೆ ಬಂದಿದ್ದಳು, ಊಟಕ್ಕೆ ಕರೆದಿದ್ದಳು. ಅವಳ ತಂದೆ ಮೌಲಾಸಾಬರು ನನಗೆ ಹೊಟ್ಟೆ ಬಿರಿಯುವಷ್ಟು ಉಣಿಸಿ, ಹೊತ್ತು ಮುಳುಗುವ ಹೊತ್ತಿಗೆ, “ಬರ್ರಿ ಸಾಹೇಬ್ರ, ಗೇಟ್ ಎತ್ತಿ ಬರೂಣು,” ಎಂದು ಕಾಲುವೆಗೆ ಕರೆದೊಯ್ದರು. ಮಬ್ಬುಗತ್ತಲು ಕವಿದಿತ್ತು. ಕೆಳಗಡೆ ಕಾಲುವೆಯ ಅಂಚಿನಲ್ಲಿ ಎಲ್ಲೋ ಒಂದು ದೀಪ ಕಂಡಿತು. ಗೇಟಿನ ಚಕ್ರಕ್ಕೆ ಕೈ ಹಾಕಿದ್ದ ಮೌಲಾಸಾಬರು ಕೈ ತೆಗೆದರು. ಬ್ಯಾಟರಿ ಎತ್ತಿ ಎರಡು ಸಲ ಮಿನುಗಿಸಿ ಸುಮ್ಮನೆ ನಿಂತರು.

ನಾನು ಸರಕ್ಕನೆ ಅವರ ಕಡೆ ತಿರುಗಿದೆ. “ಯಾಕ್ರಿ ಮೌಲಾಸಾಬ್ರ, ಯಾಕ ನಿಂತ್ರಿ?”

“ಬೆಳಕ ಕಂಡ್ರ ಕೇಳಬೇಕ್ರಿ. ಅರಬಿ ಒಗ್ಯಾವರು ಇರ್ತಾರ, ದನಾ ಮೈ ತೊಳ್ಯಾವರು ಇರ್ತಾರ. ಮನಿಶಾ ಇದ್ರ ತಿರುಗಿ ಮಿನುಗಿಸ್ತಾನ, ದಂಡಿಗೆ ಹತ್ತತಾನ. ಉತ್ತರಾ ಬರಲಿಲ್ಲಂದ್ರ ಅದು ಯಾರದೋ ಮನಿ ದೀಪ ಅಂತ ತಿಳದು ನೀರ ಬಿಡೂದು. ಈ ಭಾಗದ ಮಂದಿಗೆಲ್ಲಾ ಗೊತ್ತೈತಿ. ರೇಷ್ಮಾ ಸಣ್ಣಾಕಿ ಇದ್ದಾಗ ಬ್ಯಾಟರಿ ಹಿಡಿಯೂ ಕೆಲಸ ಆಕಿದ ಆಗಿತ್ರಿ.”

ಕೆಳಗಿನಿಂದ ಬೆಳಕು ತಿರುಗಿ ಮಿನುಗಿತು. ಯಾರೋ ದಂಡೆ ಹತ್ತುವುದು ಮಸುಕಾಗಿ ಕಂಡಿತು. ಮೌಲಾಸಾಬರು ಚಕ್ರ ತಿರುಗಿಸಿದರು. ರೋಗ ಏನೆಂದು ಗೊತ್ತಾಯಿತು ಎಂದು ನನಗೆ ಖುಷಿಯೋ ಖುಷಿ. ಇದು ರೋಗವೇ ಅಲ್ಲವೇ ಎಂಬ ಯೋಚನೆ ಆಗ ಬರಲಿಲ್ಲ.

ಮರುದಿನದಿಂದ ಆ ಅಭ್ಯಾಸ ಬಿಡಿಸಲು ಟೊಂಕ ಕಟ್ಟಿದೆ. “ಅದು ಮನಿಶಾ ಅಲ್ಲವಾ, ಹಲಗಿ. ಹಲಗಿ ಉತ್ತರಾ ಕೊಡ್ತೈತೇನು?” ಎಂದು ದಿನವೂ ತಿದ್ದಿದೆ. ಮೊದಲು ಗುಂಡಿಲ್ಲದ ಪಿಸ್ತೂಲಿನಲ್ಲಿ, ಆಮೇಲೆ ಗುಂಡು ತುಂಬಿ. ನಿಧಾನಕ್ಕೆ ಎರಡು ಮಿನುಗು ಒಂದಾಯಿತು, ಕಾಯುವುದು ಕಡಿಮೆಯಾಯಿತು. ಒಂದು ದಿನ ಈರಣ್ಣನ ಸಮಯವನ್ನೂ ಹಿಂದೆ ಹಾಕಿದಳು. ಈರಣ್ಣನೇ ಚಪ್ಪಾಳೆ ಹೊಡೆದ. ಅವಳು ಮಾತ್ರ ನಗಲಿಲ್ಲ. “ಏನೋ ಬಿಟ್ಟ ಬಂದಂಗ ಆಗ್ತೈತ್ರಿ ಸರ್ರ,” ಎಂದಳು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದೆ.

ಆಯ್ಕೆಗೆ ಮುಂಚಿನ ಕೊನೆಯ ತಾಲೀಮಿನ ದಿನ. ಹೊರಗೆ ಕೆಂಪು ಬಾವುಟ ಹಾರುತ್ತಿತ್ತು. ಅದು ಹಾರುತ್ತಿದ್ದರೆ ಯಾರೂ ರೇಂಜಿನೊಳಗೆ ಕಾಲಿಡುವಂತಿಲ್ಲ. ದಿಬ್ಬದ ಕಡೆಯ ಸಣ್ಣ ದಾರಿಗೆ ಒಬ್ಬ ಕಾವಲಿದ್ದ. ಈರಣ್ಣನ ಸರದಿ ಮುಗಿಯಿತು. ಹಲಗೆಗಳ ತೂತು ಎಣಿಸಿ, ಕಾಗದ ಅಂಟಿಸಿ, ಒಳಗೆ ಯಾರೂ ಇಲ್ಲವೆಂದು ನೋಡಿ ನಾವು ಈಚೆ ಬಂದೆವು. ರೇಷ್ಮಾ ಪಿಸ್ತೂಲಿಗೆ ಗುಂಡು ತುಂಬಿದಳು. ನಾನು ಸ್ಟಾಪ್‌ವಾಚ್ ಹಿಡಿದು ಅವಳ ಬೆನ್ನಿಗೆ ನಿಂತು ಆದೇಶ ಕೊಟ್ಟೆ.

ಅವಳು ಮೊದಲ ತಗಡು ದಾಟಿ ತಿರುಗಿದಳು. ತುದಿಯಲ್ಲಿ, ಹಲಗೆಯ ಎದೆಯ ಎತ್ತರಕ್ಕೆ, ಬೆಳಕು. ಪಿಸ್ತೂಲು ಎದ್ದಿತು. ಬೆರಳು ಟ್ರಿಗರಿಗೆ ಹೋಗುವುದೊಂದೇ ಬಾಕಿ. ಅಷ್ಟರಲ್ಲಿ ಅವಳ ಬ್ಯಾಟರಿ ಮಿನುಗಿತು. ಮತ್ತೊಮ್ಮೆ ಮಿನುಗಿತು. ಕತ್ತಲೆ.

ಎಲಾ ಇವಳ, ಇಷ್ಟು ದಿನದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನಾನು ಬೈಯಲು ಬಾಯಿ ತೆರೆದೆ. ಆಗ ಆ ತುದಿಯ ಬೆಳಕು ಆರಿತು. ಮತ್ತೆ ಹೊತ್ತಿತು.

ಹಲಗೆ ಉತ್ತರ ಕೊಟ್ಟಿತ್ತು! ಒಂದು ಗಳಿಗೆ ನನಗೆ ಏನೂ ಅರ್ಥವಾಗಲಿಲ್ಲ. ವೈರು ಸಡಿಲಾಯಿತೇ? ನನ್ನ ಕಣ್ಣೇ ಕೆಟ್ಟಿತೇ? ರೇಷ್ಮಾ ಪಿಸ್ತೂಲನ್ನು ನೆಲದ ಕಡೆ ಇಳಿಸಿ ಚೀರಿದಳು: “ಸರ್ರ, ಮನಿಶಾ ಅದಾನ್ರಿ!”

“ಸ್ಟಾಪ್! ಲೈಟ್ ಹಾಕ್ರಿ!” ಎಂದು ಕೂಗಿದ್ದು ನನ್ನದೇ ದನಿ ಅಂತೆ, ನನಗೆ ನೆನಪಿಲ್ಲ.

ಹಲಗೆಯ ಮರೆಯಿಂದ ಈಚೆ ಬಂದವನು ಸಂಗಪ್ಪ, ನಮ್ಮ ಬಲ್ಬುಗಳ ವೈರಿಂಗ್ ಮಾಡಿಕೊಟ್ಟಿದ್ದ ಮಸೂತಿ ಊರಿನ ಎಲೆಕ್ಟ್ರಿಷಿಯನ್. ಆದದ್ದಿಷ್ಟು: ನಾವು ಈಚೆ ಬಂದ ಮೇಲೆ ದಿಬ್ಬದ ಕಡೆ ಒಂದು ಕುರಿಹಿಂಡು ನುಗ್ಗಿತ್ತು. ಕಾವಲಿನವನು ಅವನ್ನು ಅಟ್ಟಲು ಓಡಿದ. ಕುರಿಗಳ ಕಾಲಿಗೆ ಸಿಕ್ಕು ವೈರು ಕಿತ್ತುಹೋಯಿತು. ಹೊರಗಿದ್ದ ಸಂಗಪ್ಪ ಅದನ್ನು ನೋಡಿ, ವೈರು ಹಿಡಿದುಕೊಂಡೇ ಕೈಬ್ಯಾಟರಿ ಹಾಕಿಕೊಂಡು ಒಳಗೆ ಬಂದುಬಿಟ್ಟಿದ್ದ.

“ಕೆಂಪ ಬಾವುಟಾ ಕಾಣಲಿಲ್ಲೇನೋ ನಿನಗ?” ಎಂದು ಅವನ ಕೊರಳಪಟ್ಟಿ ಹಿಡಿದೆ.

“ಕಂಡಿತ್ರಿ. ಅದು ಮಂದಿಗೆ ಹಾಕಿದ್ದಲ್ರಿ? ನಾ ಲೈಟಿನವ,” ಎಂದ. ಆಮೇಲೆ ರೇಷ್ಮಾಳ ಕೈಯಲ್ಲಿನ ಪಿಸ್ತೂಲು ಅವನಿಗೆ ಕಂಡಿತು. “ಎರಡ ಸಲ ಬೆಳಕ ಬಂತು. ಯಾರೋ ಕೇಳಾಕತ್ತಾರಂತ ನಾನೂ ಮಿನುಗಿಸಿದ್ನಿರಿ,” ಎಂದು ಅಲ್ಲೇ ಕುಸಿದು ಕುಳಿತ. ಅವನ ಹೊಲವೂ ಕಾಲುವೆಯ ದಂಡೆಗೇ ಇತ್ತು.

ರೇಷ್ಮಾ ಪಿಸ್ತೂಲು ಖಾಲಿ ಮಾಡಿ ನನ್ನ ಕೈಗಿಟ್ಟು ಹೊರಗೆ ಹೋದಳು. ಬೇವಿನ ಗಿಡದ ಕೆಳಗೆ ಕುಳಿತು ಬಹಳ ಹೊತ್ತು ಅತ್ತಳು. ಕಾವಲಿನ ವ್ಯವಸ್ಥೆ ಬದಲಾಯಿತು, ದಾರಿಗೆ ಬೀಗ ಬಿತ್ತು, ವಿಚಾರಣೆ ನಡೆಯಿತು. ಆಯ್ಕೆಯ ಹಿಂದಿನ ದಿನ ಅವಳು ನನ್ನೆದುರು ಬಂದು ನಿಂತಳು.

“ಸರ್ರ, ಈಗ ಆ ಚಟಾ ಬಿಡ್ಲೋ, ಇಟ್ಕೊಳ್ಳಲೋ? ನೀವ ಹೇಳ್ರಿ.”

ಏನು ಹೇಳಲಿ? ಬಿಡು ಎಂದರೆ ಸಂಗಪ್ಪನ ಮುಖ ಕಣ್ಣ ಮುಂದೆ ಬರುತ್ತಿತ್ತು. ಇಟ್ಟುಕೋ ಎಂದರೆ ಅವಳ ತಂಡ, ಕೋರ್ಸು ಎಲ್ಲ ಕೈಬಿಡುತ್ತಿದ್ದವು. ನಿಜವಾದ ಎದುರಾಳಿಯ ಮುಂದೆ ಹೀಗೆ ಕಾದು ನಿಂತರೆ ಅವಳ ಪ್ರಾಣಕ್ಕೇ ಕುತ್ತು, ಅದೂ ಸುಳ್ಳಲ್ಲ. “ನನಗ ಗೊತ್ತಿಲ್ಲವಾ,” ಎಂದೆ. ಅವಳು ತಲೆಯಾಡಿಸಿ ಹೋದಳು.

ಆಯ್ಕೆಯಲ್ಲಿ ಈರಣ್ಣ ಮೊದಲು ಹೋದ. ಬಿರುಗಾಳಿಯಂತೆ ಮುಗಿಸಿದ, ಒಂದು ಬರಿಗೈ ಹಲಗೆಗೆ ಹೊಡೆದು ಅಂಕ ಕಳೆದುಕೊಂಡ. ರೇಷ್ಮಾಳಿಗೆ ಇನ್ನೂ ಆಸೆ ಇತ್ತು. ಅವಳು ಒಳಗೆ ಹೋದಳು. ಬಲ್ಬಿನ ಹಲಗೆ ಎದುರಾಯಿತು. ಎರಡು ಸಲ ಮಿನುಗಿತು. ಕಾದಳು. ಹೊಡೆದಳು. ಮುಂದಿನ ಬಲ್ಬಿಗೂ ಅದೇ. ಒಂದೂ ತಪ್ಪು ಗುಂಡಿಲ್ಲ, ಎಲ್ಲವೂ ನಟ್ಟನಡುವೆ. ಸಮಯ ಕೂಡಿಸಿದಾಗ ಈರಣ್ಣ ಕೂದಲೆಳೆಯಲ್ಲಿ ಗೆದ್ದಿದ್ದ.

ಹೊರಗೆ ಬಂದವಳಿಗೆ ಸಮಾಧಾನ ಹೇಳಲು ಹೋದೆ. ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. “ಹಲಗಿ ಉತ್ತರಾ ಕೊಡಲಿಲ್ರಿ ಸರ್ರ. ಅದಕ್ಕ ಹೊಡದ್ನಿ,” ಎಂದಳು. ಮರುದಿನ ಸಿಂದಗಿಯ ಬಸ್ ಹತ್ತಿದಳು. ನಾನು ಮೇಲಿನವರ ಹತ್ತಿರ ಹೋಗಿ ವಾದ ಮಾಡಿದೆ, ಗೋಗರೆದೆ. ನಿಯಮ ನಿಯಮವೇ ಎಂದರು. ನನ್ನ ಜಾಗಕ್ಕೆ ಈರಣ್ಣ ಬಂದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ದೂರಿಲ್ಲ.

ಗುರಿ ಇಡುವುದನ್ನು, ವೇಗವನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಬೆಳಕಿನ ಹಿಂದೆ ಮನುಷ್ಯ ಇರಬಹುದು ಎಂಬುದನ್ನು ಕೈಗೆ ಕಲಿಸುವುದು ಕಷ್ಟ, ಕಲಿತ ಕೈಯಿಂದ ಅದನ್ನು ಕಿತ್ತು ಹಾಕಲು ಹೋಗಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ನಿವೃತ್ತಿಯಾದ ಮೇಲೆ ಒಮ್ಮೆ ಇಂಡಿ ಬಸ್ ನಿಲ್ದಾಣದಲ್ಲಿ ಸಂಗಪ್ಪ ಸಿಕ್ಕ. ಬಿಡದೆ ಎಳೆದುಕೊಂಡು ಹೋಗಿ ಚಹಾ ಹೇಳಿದ. ಹೆಣ್ಣು ಮಗು ಹುಟ್ಟಿದೆ ಎಂದು ಫೋಟೊ ತೋರಿಸಿದ. ಆಮೇಲೆ ಕೇಳಿದ, “ಆ ಪೊಲೀಸ್ ಬಾಯಾರು ಟೀಮಿನಾಗ ಆಯ್ಕಿ ಆದ್ರೇನ್ರಿ?”

“ಇಲ್ಲಪಾ.”

“ಯಾಕ್ರಿ?”

“ತಡಾ ಮಾಡಿದ್ಲು ಅಂತ.”

ಸಂಗಪ್ಪ ಚಹಾದ ಕಪ್ ಕೆಳಗಿಟ್ಟ. “ನನ್ನ ಸಲುವಾಗಿ ತಡಾ ಮಾಡಿದ್ದು ಲೆಕ್ಕಕ್ಕ ಹಿಡಿಲಿಲ್ಲೇನ್ರಿ?”

“ಹಿಡಿಲಿಲ್ಲಪಾ,” ಎಂದೆ. ಆಯ್ಕೆಯ ದಿನ ಸ್ಟಾಪ್‌ವಾಚ್ ಇದ್ದದ್ದು ನನ್ನ ಕೈಯಲ್ಲೇ.