ಜೋಯಿಡಾ ದಾರಿಯ ಮಾಳದಲ್ಲಿ ಚೆಲ್ಲಿದ ಚರಗ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯುತ್ತ ಕೂಡುವವಳು. ಕೈಯಲ್ಲಿ ಕೆಲಸವಿಲ್ಲದವರ ಕಥೆ ಅವು ಎಂದೇ ನನ್ನ ಎಣಿಕೆ. ಈಗಲೂ ದೆವ್ವವನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ಅರವತ್ತರ ದಶಕದಲ್ಲಿ ಒಂದು ಎಳ್ಳಮಾವಾಸ್ಯೆಯ ದಿನ, ರಾತ್ರಿಯೂ ಅಲ್ಲ, ಸುಡು ಮಧ್ಯಾಹ್ನ, ನನ್ನ ಇವೇ ಕಿವಿಗಳಿಂದ ಕೇಳಿದ್ದನ್ನು ಇಲ್ಲ ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾವು ದಾಂಡೇಲಿಯಲ್ಲಿದ್ದೆವು. ನಮ್ಮ ಮನೆಯವರು ಒಂದು ಸಾ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುವ ಗರಗಸದ ಮುಂದೆ ನಿಲ್ಲುತ್ತಿದ್ದರು. ಹಳಿಯಾಳದ ಕಡೆಯ ಒಕ್ಕಲುತನದ ಮನೆತನ. ಹೊಲವನ್ನು ಅಣ್ಣಂದಿರು ನೋಡಿಕೊಂಡರು, ಇವರು ದುಡಿಮೆಗೆ ಇಲ್ಲಿಗೆ ಬಂದರು. ಗರಗಸದ ಸದ್ದು ಮೊದಲು ಮಿಲ್ಲಿನಲ್ಲಿ ಮಾತ್ರ ಇತ್ತು, ಬರಬರುತ್ತ ಇವರ ಹಿಂದೆಯೇ ಮನೆಗೂ ಬಂತು. ಹಗಲೂ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತಂತೆ. ನಿದ್ದೆ ಹೋಯಿತು, ನಗು ಹೋಯಿತು. ಒಂದು ಸಂಜೆ ಕಾಳಿ ಹೊಳೆಯ ದಂಡೆಯಲ್ಲಿ ಕೂತಿದ್ದಾಗ, "ಇದರಾಗ ಮುಳುಗಿದ್ರರ ಈ ಸದ್ದು ನಿಲ್ಲತೈತೇನು?" ಎಂದು ಕೇಳಿದರು. ಅದೂ ಹೇಗೆ, ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ.

"ಎಂಥಾ ಮಾತ್ರೀ ಇವು! ಏಳ್ರಿ, ಮನಿಗೆ ನಡೀರಿ" ಎಂದು ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ. ಆಮೇಲೆ ಅವರನ್ನು ಒಬ್ಬರನ್ನೇ ಹೊಳೆಯ ಕಡೆ ಬಿಡಲಿಲ್ಲ.

ಹಳಿಯಾಳದ ಡಾಕ್ಟರು ಔಷಧ ಕೊಟ್ಟರು, ಆದರೆ ಔಷಧಕ್ಕಿಂತ ಗದ್ದಲವಿಲ್ಲದ ಬಯಲಲ್ಲಿ ಒಂದೆರಡು ದಿನ ಇದ್ದು ಬರುವುದು ಮೇಲು ಎಂದರು. ಹೇಳುವುದೇನು, ಹೇಳಿದರು. ಅಂಥ ಜಾಗ ಎಲ್ಲಿದೆ? ನಮ್ಮ ಪಕ್ಕದ ಮನೆಯ ಖಾಸಿಂ ಭಾಯಿ ಮೆಕ್ಯಾನಿಕ್. ಗುಜರಿಗೆ ಹೋಗಬೇಕಾಗಿದ್ದ ಒಂದು ಜೀಪಿಗೆ ಅವನೇ ಜೀವ ತುಂಬಿದ್ದ. "ಚಿಂತಿ ಬಿಡ್ರಿ ಭಾಬಿ, ನಾನು ಹುಡುಕಿ ಕೊಡ್ತೇನಿ" ಎಂದ. ರಜೆ ಸಿಕ್ಕಾಗಲೆಲ್ಲ ಜೀಪಿನಲ್ಲಿ ಡೇರೆ ಕಟ್ಟಲು ಲಾರಿಯ ತಾಡಪತ್ರಿ, ಪಾತ್ರೆ, ಹಾಸಿಗೆ ಹಾಕಿಕೊಂಡು ಮೂವರೂ ಹೊರಟೆವು. ಬೆಳಿಗ್ಗೆ ಬಿಟ್ಟರೆ ಊಟದ ಹೊತ್ತಿಗೆ ಮುಟ್ಟುವಂತಿರಬೇಕು, ಅದಕ್ಕಿಂತ ದೂರ ಆ ಜೀಪನ್ನು ನಂಬುವಂತಿರಲಿಲ್ಲ.

ಶಾಂತ ಜಾಗ ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು. ಗಣೇಶಗುಡಿಯ ಹತ್ತಿರ ತಾಡಪತ್ರಿ ಕಟ್ಟಿದೆವು; ಬಿದಿರು ಕಡಿಯುವವರ ತಂಡ ಪಕ್ಕದಲ್ಲೇ ಇತ್ತು, ಕೊಡಲಿಯ ಸದ್ದಿಗೆ ಇವರು ಕಿವಿ ಮುಚ್ಚಿಕೊಂಡು ಜೀಪಿನಲ್ಲೇ ಕೂತರು. ಇನ್ನೊಂದು ಕಡೆ ದಿಮ್ಮಿ ಹೊರುವ ನಾಟಾ ಲಾರಿಗಳ ದಾರಿ. ಮುಂಡಗೋಡದ ಸನವಳ್ಳಿ ನನ್ನ ತವರು, ಅಲ್ಲಿಯ ಕೆರೆಯ ಆಚೆ ಒಳ್ಳೆಯ ಬಯಲಿದೆ ಎಂದು ನಾನೇ ಕರೆದುಕೊಂಡು ಹೋದೆ. ಅದು ಹೇಗೆ ಸುದ್ದಿ ಮುಟ್ಟಿತೋ ದೇವರೇ ಬಲ್ಲ, ಒಲೆ ಹೊತ್ತಿಸುವಷ್ಟರಲ್ಲಿ ನಮ್ಮ ಸೋದರಮಾವನ ಮನೆಮಂದಿಯೆಲ್ಲ ರೊಟ್ಟಿ ಬುಟ್ಟಿ ಹೊತ್ತು ಬಂದರು. "ಮನಿ ಬಿಟ್ಟು ಬಯಲಾಗ ಇರೂದಂದ್ರ ಏನು, ನಾವೇನು ಸತ್ತೇವೇನು?" ಎಂದು ಮಾವ ಬೈದದ್ದೇ ಬೈದದ್ದು. ಇವರ ಮುಖ ನೋಡಲಾಗಲಿಲ್ಲ.

ಕೊನೆಗೆ ಜೋಯಿಡಾ ದಾರಿಯಲ್ಲಿ, ಕಾಡಿನ ನಡುವೆ, ಖಾಸಿಂ ಭಾಯಿಗೆ ಒಂದು ಮಾಳ ಸಿಕ್ಕಿತು. ಸುತ್ತ ಕಾಡು, ನಡುವೆ ಅಂಗೈಯಂತೆ ಸಮತಟ್ಟಾದ ವಿಶಾಲ ಬಯಲು, ಮೊಣಕಾಲಿಗೂ ಬಾರದ ಒಣ ಹುಲ್ಲು, ಒಂದು ಅಂಚಿನಲ್ಲಿ ಸಣ್ಣ ಝರಿ. ಜೀಪಿನ ಇಂಜಿನ್ ನಿಲ್ಲಿಸಿದಾಗ ನನಗೆ ನನ್ನ ಬಳೆಯ ಸದ್ದೇ ದೊಡ್ಡದೆನಿಸಿತು. ಅವತ್ತು ಎಳ್ಳಮಾವಾಸ್ಯೆ.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಒಬ್ಬರು ಅದನ್ನು ಹೊಲದ ಸುತ್ತ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ಚೊಂಬು ಹಿಡಿದು ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ" ಎನ್ನಬೇಕು. ಚೆಲ್ಲುವವರು ತಿರುಗಿ ನೋಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಇವರು ಊರು ಬಿಟ್ಟ ಮೇಲೆ ಚರಗ ಚೆಲ್ಲಿರಲಿಲ್ಲ. ಅವತ್ತು ಆ ಬಯಲನ್ನು ನೋಡಿ ಮುಖ ಸ್ವಲ್ಪ ಅರಳಿತು. "ಇವತ್ತಿನ ಮಟ್ಟಿಗೆ ಇದ ನಮ್ಮ ಹೊಲ. ಚರಗಾ ಚೆಲ್ಲೂಣು, ನೀರು ತಗೊಂಡು ಬಾ" ಎಂದರು.

ಒಲೆಯ ಮೇಲೆ ಕಡಬು ಬೇಯುತ್ತಿತ್ತು. ಯಾರದೋ ಸರಕಾರಿ ಬಯಲಿಗೆ ಚರಗವೇ ಎಂದು ನನಗೆ ನಗು ಬೇರೆ. "ಕಡಬು ಕೆಡತಾವ್ರಿ, ನೀವ ಹೋಗಿ ಬರ್ರಿ" ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಅನ್ನ ಪಲ್ಯವನ್ನು ಬುಟ್ಟಿಯಲ್ಲಿ ಕಲಸಿಕೊಂಡು ಹೊರಟೇಬಿಟ್ಟರು.

ಖಾಸಿಂ ಭಾಯಿ ನನ್ನ ಹತ್ತಿರವೇ ತಾಡಪತ್ರಿಗೆ ಹಗ್ಗ ಬಿಗಿಯುತ್ತಿದ್ದ. ಇವರು ಮಾಳದ ಅಂಚಿಗೆ ಹೋಗಿ ಮೊದಲ ತುತ್ತು ಚೆಲ್ಲಿ "ಹುಲ್ಲುಲ್ಲಿಗೋ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ತುಂಬು ದನಿ ಕೇಳಿ ನನಗೆ ಖುಷಿಯಾಯಿತು. ಆ ಖುಷಿ ಇನ್ನೂ ಮುಗಿದಿರಲಿಲ್ಲ.

"ಸಲಾಂಬ್ರಿಗೋ."

ಅವರ ಹಿಂದಿನಿಂದ, ಹೆಂಗಸಿನ ದನಿ.

ನಾನು ತಲೆ ಎತ್ತಿ ನೋಡಿದೆ. ಅಲ್ಲಿ ಇವರೊಬ್ಬರೇ ಇದ್ದರು. ಬಿಸಿಲು ಚೆನ್ನಾಗಿತ್ತು, ಆ ಹುಲ್ಲಿನಲ್ಲಿ ಮಗುವೂ ಅಡಗುವಂತಿರಲಿಲ್ಲ. ಇವರು ಮುಂದೆ ನಡೆದು ಮತ್ತೆ ಕೂಗಿದರು. ಮತ್ತೆ ಅದೇ ಉತ್ತರ, ಅವರ ಬೆನ್ನಿಗೇ. ಕಾಡು ಮರುದನಿ ಕೊಡುತ್ತಿದೆ ಎನ್ನೋಣವೆಂದರೆ ಮರುದನಿ ಕೂಗಿದ್ದನ್ನೇ ತಿರುಗಿ ಕೂಗಬೇಕು. ಇದು ಮುಂದಿನ ಮಾತನ್ನು ಹೇಳುತ್ತಿತ್ತು. ಖಾಸಿಂ ಭಾಯಿಯ ಕೈಯಿಂದ ಹಗ್ಗ ಜಾರಿತು. "ಯಾ ಅಲ್ಲಾ! ಭಾಬಿ, ನೀವು ಇಲ್ಲೇ ಕುಂತೀರಿ… ಅದು ನಿಮ್ಮದ ದನಿ ಐತಲ್ರಿ" ಎಂದ. ನನ್ನ ದನಿ ಹೇಗಿರುತ್ತದೆಂದು ನನಗೇನು ಗೊತ್ತು? ನೀರಿನ ಚೊಂಬು ತುಂಬಿದ್ದು ತುಂಬಿದ ಹಾಗೇ ನನ್ನ ಮಂಡಿಯ ಪಕ್ಕದಲ್ಲಿತ್ತು.

ಇವರು ಮಾಳವನ್ನು ಪೂರಾ ಒಂದು ಸುತ್ತು ಹಾಕಿ, ಖಾಲಿ ಬುಟ್ಟಿಯೊಂದಿಗೆ ಬಂದು ಒಲೆಯ ಹತ್ತಿರ ಕೂತರು. ಕಣ್ಣಲ್ಲಿ ನೀರಿತ್ತು.

"ಕಡಬು ಬಿಟ್ಟು ನೀ ಹಿಂದ ಬಂದಿ, ಭಾಳ ಚಲೋ ಆತು ನೋಡು. ಕಿವ್ಯಾಗ ಸದ್ದು ನಿಂತೈತಿ."

ಖಾಸಿಂ ಭಾಯಿ ಬಾಯಿ ತೆರೆಯಲು ಹೊರಟ. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ಇವರು ಹೊಟ್ಟೆ ತುಂಬ ಉಂಡು, ತಾಡಪತ್ರಿಯ ನೆರಳಲ್ಲಿ ಒರಗಿ, ಮರುಗಳಿಗೆಗೆ ಗೊರಕೆ ಹೊಡೆದರು. ಸಂಜೆಯವರೆಗೂ ಎಚ್ಚರಾಗಲಿಲ್ಲ. ಆ ಗೊರಕೆ ಕೇಳುತ್ತ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಭಯಕ್ಕೋ ಸಂತೋಷಕ್ಕೋ, ಎರಡಕ್ಕೂ ಇರಬೇಕು.

ಅವರು ಮಲಗಿದಾಗ ನಾನೂ ಖಾಸಿಂ ಭಾಯಿಯೂ ಚರಗ ಬಿದ್ದ ದಾರಿ ಹಿಡಿದು ನಡೆದೆವು. ಒಣ ಹುಲ್ಲಿನ ಮೇಲೆ ಉದ್ದಕ್ಕೂ ನೀರಿನ ಹನಿಗಳಿದ್ದವು. ಇಬ್ಬನಿಯೇ? ಆ ಬಿಸಿಲಿಗೆ ಇಬ್ಬನಿ ಎಲ್ಲಿ ಉಳಿದೀತು. ಚರಗದ ಅಗುಳುಗಳ ಪಕ್ಕದಲ್ಲಿ ಮಾತ್ರ ಹುಲ್ಲು ತೊಯ್ದಿತ್ತು, ಒಂದು ಮಾರು ಆಚೆ ಕೈಯಾಡಿಸಿದರೆ ಒಣಗಿ ಗರಿಗರಿ. "ಅಣ್ಣಾರಿಗೆ ಹೇಳೂದು ಬ್ಯಾಡ್ರಿ" ಎಂದು ಈ ಸಲ ಅವನೇ ಅಂದ.

ಆಮೇಲೆ ನಾನು ಸುಮ್ಮನಿರುವವಳಲ್ಲ, ಆ ಕಡೆಯ ಹಳ್ಳಿಯವರನ್ನು ವಿಚಾರಿಸಿದೆ. ಕೊಂಕಣಿ ಮಾತಾಡುವ ಮಂದಿ, ನನ್ನ ಪ್ರಶ್ನೆಗೇ ನಕ್ಕರು. ಅಲ್ಲಿ ಹಿಂದೆ ಊರಿರಲಿಲ್ಲ, ಗುಡಿಯಿರಲಿಲ್ಲ, ಯಾರೂ ಸತ್ತದ್ದಿಲ್ಲ, ಬರೀ ಹುಲ್ಲು ಎಂದರು. ಹಳಿಯಾಳದ ಕಡೆ ಊರಲ್ಲಿದ್ದ ಅತ್ತೆಗೆ ಹೇಳಿದಾಗ ಅವರು ಮಾತ್ರ ನಗಲಿಲ್ಲ. "ತಮ್ಮದಲ್ಲದ ನೆಲಕ್ಕ ಚರಗಾ ಚೆಲ್ಲತಾರೇನು ಹುಚ್ಚಿ? ಆ ನೆಲದಾಗ ಇದ್ದಾಕಿ ಉಂಡ ಮ್ಯಾಲ ಓಗೊಡದ ಇರ್ತಾಳೇನು?" ಎಂದು ಬೈದು, ತಮ್ಮ ಕೆಲಸಕ್ಕೆ ಎದ್ದು ಹೋದರು. ಅತ್ತೆಯ ಮಾತನ್ನು ನಾನು ಒಪ್ಪಿಲ್ಲ. ಅದರ ಬದಲಿಗೆ ಹೇಳಲು ನನ್ನ ಹತ್ತಿರವೂ ಏನೂ ಇಲ್ಲ. ಇವರ ಕಿವಿಯ ಸದ್ದು ಆಮೇಲೆ ಆಗೊಮ್ಮೆ ಈಗೊಮ್ಮೆ ಬಂದರೂ ನಿದ್ದೆಯನ್ನು ಕಸಿಯಲಿಲ್ಲ. ಹೊಳೆಯ ಮಾತನ್ನು ಅವರು ಮತ್ತೆ ಆಡಲಿಲ್ಲ. ಬಂದವರ ಮುಂದೆಲ್ಲ "ಇಕಿ ಅವತ್ತು ನನ್ನ ಹಿಂದ ಬಂದಳು, ನಾನು ಉಳದೆ" ಎಂದು ಹೇಳಿಕೊಂಡು ತಿರುಗಿದರು. ನಾನು ತಲೆ ತಗ್ಗಿಸಿ ಚಹಾ ಕೊಡುತ್ತಿದ್ದೆ.

ಮರುವರ್ಷ ಎಳ್ಳಮಾವಾಸ್ಯೆಗೆ ಅದೇ ಮಾಳಕ್ಕೆ ಹೋಗೂಣು ಎಂದು ಹಟ ಹಿಡಿದರು. ಹೋದೆವು. ಈ ಸಲ ಒಲೆಯನ್ನು ಖಾಸಿಂ ಭಾಯಿಗೆ ಒಪ್ಪಿಸಿ, ನಾನೇ ಚೊಂಬು ಹಿಡಿದು ಹಿಂದೆ ನಡೆದೆ. ಇವರು "ಹುಲ್ಲುಲ್ಲಿಗೋ" ಎಂದರು. ನಾನು "ಸಲಾಂಬ್ರಿಗೋ" ಎಂದೆ. ಹೋದ ವರ್ಷದ ದನಿಗೂ ಇದಕ್ಕೂ ಏನು ಬೇರೆ ಕೇಳಿಸಿತೋ, ಇವರು ನಿಂತುಬಿಟ್ಟರು. ತಿರುಗಿ ನೋಡಲಿಲ್ಲ.

"ಹ್ವಾದ ವರ್ಷ ಬಂದಾಕಿ ನೀ ಅಲ್ಲ, ಹೌದಿಲ್ಲೋ?" ಎಂದು ಮೆಲ್ಲಗೆ ಕೇಳಿದರು.

"ನಾನ ರೀ. ನಿಮ್ಮ ಹಿಂದ ಮತ್ಯಾರು ಬರ್ತಾರ?" ಎಂದೆ. ಅವರಿಗೆ ಕೇಳುವಂತೆ ಚೊಂಬಿನ ನೀರನ್ನು ಹುಲ್ಲಿಗೆ ಚಿಮುಕಿಸಿದೆ.

ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಬುಟ್ಟಿಗೆ ಕೈ ಹಾಕಿ, ಒಂದು ಹಿಡಿ ಚೆಲ್ಲಿ, ಮತ್ತೆ ಕೂಗಿದರು. ಬೇರೆ ಯಾರಾದರೂ ಬಾಯಿ ತೆರೆಯುವ ಮೊದಲೇ, ಗಂಟಲು ಹರಿದರೂ ಹರಿಯಲಿ ಎಂದು, ನಾನು ಉತ್ತರ ಕೂಗಿದೆ.