ಬಾವಿಯೊಳಗೆ ಆರದ ಕಂದೀಲು

ನಮ್ಮ ಇಂಡಿ ಕಡೆ ನಿಂಬೆಗಿಡಕ್ಕೆ ಬೇಕೆಂದೇ ನೀರು ನಿಲ್ಲಿಸುವ ಪದ್ಧತಿ ಇದೆ. ಬುಡದ ಮಣ್ಣು ಬಿಡಿಸಿ, ಸಣ್ಣ ಬೇರುಗಳಿಗೆ ಬಿಸಿಲು ತಾಗಿಸಿ, ವಾರಗಟ್ಟಲೆ ಒಣಗಲು ಬಿಡುತ್ತಾರೆ. ಎಲೆ ಮುದುಡುತ್ತದೆ, ಹಳದಿಯಾಗುತ್ತದೆ, ಒಂದಿಷ್ಟು ಉದುರುತ್ತದೆ. ಆಗ ಬುಡ ಮುಚ್ಚಿ, ಗೊಬ್ಬರ ಹಾಕಿ ನೀರು ಬಿಟ್ಟರೆ ಗಿಡ ಮೈತುಂಬ ಹೂವಾಗುತ್ತದೆ. ಸಾಯ್ತೇನೆನ್ನುವ ಅಂಜಿಕೆಗೆ ಹೂ ಬಿಡುತ್ತದೆ ಎಂದು ನಮ್ಮ ಕಾಕಾ, ಅಪ್ಪನ ತಮ್ಮ, ಹೇಳುತ್ತಿದ್ದರು. ನೀರು ಬೇಗ ಬಿಟ್ಟರೆ ಬರೀ ಎಲೆ, ತಡವಾದರೆ ಕೊಂಬೆಗಳೇ ಒಣಗುತ್ತವೆ. ಆ ದಿನ ಯಾವುದೆಂದು ಗುರುತಿಸುವುದೇ ಈ ಕಸುಬು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಸಂಕ್ರಾಂತಿ ಮುಗಿದಿತ್ತು. ನಾನು ವಿಜಾಪುರದಲ್ಲಿ ಸಸ್ಯಶಾಸ್ತ್ರ ಓದಿ, ಡಿಗ್ರಿ ಮುಗಿಸಿ, ಕಾಕಾನ ತೋಟದ ಮನೆಗೆ ಬಂದಿದ್ದೆ. ಮಾಡಲು ಕೆಲಸವಿರಲಿಲ್ಲ. ಹೇಳಲು ಮಾತು ಬಹಳವಿತ್ತು.

ಕೇಳಲು ಒಬ್ಬರೇ ಸಿಕ್ಕಿದ್ದರು, ಇಂಜಿನ್ ನೋಡಿಕೊಳ್ಳುತ್ತಿದ್ದ ಆಳು. ಮೊದಲು ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದವರು, ಡೀಸೆಲ್ ಇಂಜಿನ್ ಬಂದ ಮೇಲೆ ಅದನ್ನು ಕಲಿತಿದ್ದರು. ನನ್ನ ಅಪ್ಪನ ವಯಸ್ಸು. ನಾವೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಈಗ ಬರೆಯುವಾಗ ಹಾಗೆ ಬರೆಯಲು ಕೈ ಬರುವುದಿಲ್ಲ. ಅವರು ನನ್ನನ್ನು 'ಅಕ್ಕೋರ' ಎನ್ನುತ್ತಿದ್ದರು. ಅದು ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ರೀತಿ. ಅರ್ಧ ಮರ್ಯಾದೆ, ಅರ್ಧ ಚೇಷ್ಟೆ.

ಆ ವರ್ಷ ಬಾವಿಯ ನೀರು ಬಹಳ ಕೆಳಗೆ ಹೋಗಿತ್ತು. ದಂಡೆಯ ಮೇಲಿನ ಪಂಪು ಎಷ್ಟು ಹಚ್ಚಿದರೂ ನೀರು ಎಳೆಯಲಿಲ್ಲ. ಇಪ್ಪತ್ತು ಇಪ್ಪತ್ತೈದು ಅಡಿಗಿಂತ ಆಳದಿಂದ ಇಂಥ ಪಂಪು ಎಳೆಯಲಾರದು, ನೀರಿನ ಹತ್ತಿರ ಇಳಿಸಬೇಕು ಎಂದು ನಾನೇ ಹೇಳಿದೆ.

"ಮತ್ತ ಆ ಹುಣಸಿಗಿಡ ಹೆಂಗ ಎಳಿತೈತ್ರೀ? ಅದು ಇಪ್ಪತ್ತೈದ ಅಡಿಕಿಂತ ಎತ್ತರ ಐತಲ್ಲ?" ಎಂದು ಅವರು ಕೇಳಿದರು.

ಎಲೆಯ ಅಡಿಗೆ ಕಣ್ಣಿಗೆ ಕಾಣದ ಬಾಯಿಗಳಿವೆ, ಅಲ್ಲಿಂದ ನೀರು ಆವಿಯಾಗಿ ಹೋಗುತ್ತದೆ, ಹೋದಷ್ಟೂ ಕೆಳಗಿನ ನೀರು ಎಳೆಯಾಗಿ ಮೇಲಕ್ಕೇರುತ್ತದೆ, ಬೇರಿನಿಂದ ಎಲೆಯ ತುದಿಯವರೆಗೆ ಒಂದೇ ದಾರ, ನಡುವೆ ಗಾಳಿ ಸೇರಿದರೆ ದಾರ ಹರಿಯುತ್ತದೆ ಎಂದು ವಿವರಿಸಿದೆ.

"ಅಂದ್ರ ಕಳಕೊಂಡಷ್ಟs ಕುಡಿತೈತಿ. ನಮ್ಮ ಇಂಜಿನ್ನಿಗೆ ಎಣ್ಣಿ ಕುಡಿಯೋದೊಂದs ಗೊತ್ರಿ," ಎಂದು ನಕ್ಕರು.

ನಾಲ್ಕು ಜನ ಸೇರಿ ಇಂಜಿನ್ನನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ಮರುದಿನ ಬೆಳಿಗ್ಗೆ ಕಾಕಾ ಟೆಂಪೋ ಹತ್ತಿ ಇಂಡಿಗೆ ಹೊರಟರು. ಹೊಗೆಯನ್ನು ಬಾವಿಯಿಂದ ಹೊರಗೆ ಒಯ್ಯಲು ಉದ್ದ ಕೊಳವೆ ತರಬೇಕಿತ್ತು. ಹೋಗುವಾಗ, "ಕೊಳವಿ ಕೂಡಿಸೋತನಕ ಇಂಜಿನ್ ಮುಟ್ಟಬ್ಯಾಡ್ರಿ," ಎಂದು ಇಬ್ಬರಿಗೂ ಕೇಳುವಂತೆ ಹೇಳಿದರು.

ಬುಡ ಮುಚ್ಚಿ ಗೊಬ್ಬರ ಹಾಕಿಯಾಗಿತ್ತು, ನೀರೊಂದೇ ಬಾಕಿ. ನಾನು ಗಿಡಗಳ ನಡುವೆ ತಿರುಗಾಡಿದೆ. ಬೆಳಗಿನ ತಂಪಿನಲ್ಲೂ ಎಲೆಗಳು ಬಿಚ್ಚಿಕೊಂಡಿರಲಿಲ್ಲ. ರಾತ್ರಿಯೂ ಚೇತರಿಸಿಕೊಳ್ಳದ ಎಲೆ ಎಂದರೆ ಬೇರು ಸೋತಿದೆ ಎಂದು ಪುಸ್ತಕದಲ್ಲಿ ಓದಿದ್ದೆ.

"ಇವತ್ತs ನೀರು ಬೀಳಬೇಕು. ಇಂಜಿನ್ ಹಚ್ಚು," ಎಂದೆ.

"ಧಣ್ಯಾರು ಬ್ಯಾಡ ಅಂದಾರಲ್ರಿ ಅಕ್ಕೋರ."

"ಒಂದ ತಾಸಿಗೆ ಏನಾಗ್ತೈತಿ? ಗಿಡ ಸತ್ರ ಕಾಕಾಗ ನೀನು ಹೇಳ್ತಿಯೇನು?"

ಅವರು ಇಂಜಿನ್ ಹಚ್ಚಿ ಮೇಲೆ ಬಂದರು. ಎರಡು ಸಾಲುಗಳಿಗೆ ನೀರು ಹರಿಯಿತು. ಒಣಮಣ್ಣು ನೀರು ಕುಡಿಯುವ ಸಪ್ಪಳ ಕೇಳುತ್ತ, ಕಾಕಾ ಬಂದು ಏನೆನ್ನುವರೋ ಎಂದು ನಾನು ಹೆಮ್ಮೆಯಿಂದಲೇ ಯೋಚಿಸುತ್ತಿದ್ದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನೀರು ನಿಂತಿತು. ಪಂಪು ಗಾಳಿ ಹಿಡಿದಿತ್ತು. ಅವರು ಮೇಲಿನಿಂದಲೇ ನಿಲ್ಲಿಸುವ ಹಿಡಿಗೆ ಕಟ್ಟಿದ್ದ ಹಗ್ಗ ಎಳೆದು ಇಂಜಿನ್ ನಿಲ್ಲಿಸಿದರು. ಇನ್ನು ಇಳಿದು ಪಂಪಿಗೆ ಕೊಡದಿಂದ ನೀರು ತುಂಬಬೇಕಿತ್ತು.

ಅವರು ಇಳಿಯಲಿಲ್ಲ. ಬದುವಿನ ಬೇವಿನ ಗಿಡದ ಕಡೆ ನಡೆದರು.

"ಎಲ್ಲಿಗೆ?"

"ಟೊಂಗಿ ಕಡಿಯಾಕ್ರಿ. ಹಗ್ಗಕ್ಕ ಕಟ್ಟಿ ಬಾವ್ಯಾಗ ನಾಕ ಸಲ ಮ್ಯಾಲ ಕೆಳಗ ಆಡಿಸಿ ಇಳಿತೇನಿ. ಹಳೆ ಮಂದಿ ಹಂಗs ಮಾಡ್ತಿದ್ರು."

ನನಗೆ ನಗು ಬಂತು. ಕಡಿದ ಕೊಂಬೆಗೆ ಬೇರಿನ ನೀರಿಲ್ಲ, ನೀರಿಲ್ಲದ ಎಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಅದು ಬಾವಿಗೆ ಎಲ್ಲಿಂದ ಗಾಳಿ ಕೊಡಬೇಕು ಎಂದು ಮತ್ತೊಂದು ಪಾಠ ಹೇಳಿದೆ. ಮನೆಯಿಂದ ಕಂದೀಲು ತಂದು, ಹಚ್ಚಿ, ಹಗ್ಗ ಕಟ್ಟಿ ಕಟ್ಟೆಯವರೆಗೆ ಇಳಿಸಿದೆ. ಕಂದೀಲು ಚೆನ್ನಾಗಿ ಉರಿಯಿತು.

"ನೋಡು, ದೀಪ ಉರಿತೈತಿ. ಅಂದ್ರ ಗಾಳಿ ಐತಿ. ಇಳಿ."

"ನೀವು ಕಲತಾವ್ರು. ನೀವs ಅಂದ್ಮ್ಯಾಗ ಆತ್ರಿ," ಎಂದು ರುಮಾಲು ಬಿಗಿದುಕೊಂಡು ಇಳಿದರು.

ಕಟ್ಟೆ ಮುಟ್ಟಿದರು. ಒಂದು ಕೊಡ ನೀರು ಹಾಕಿದರು. ಎರಡನೆಯದನ್ನು ಎತ್ತಲಿಲ್ಲ. ಗೋಡೆಗೆ ಒರಗಿ ಕುಳಿತರು.

"ಯಾಕ ಕುಂತಿ?" ಎಂದು ಕೂಗಿದೆ.

ತಲೆ ಹೆಗಲ ಮೇಲೆ ಬಿತ್ತು. ಅವರ ಮಗ್ಗುಲಲ್ಲಿ ನನ್ನ ಕಂದೀಲು ಉರಿಯುತ್ತಲೇ ಇತ್ತು. ಗಾಳಿ ಇದ್ದೂ ಇಂಜಿನ್ನಿನ ಹೊಗೆ ಮನುಷ್ಯನನ್ನು ಕೊಲ್ಲುತ್ತದೆ, ಆ ವಿಷಕ್ಕೆ ದೀಪ ಆರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಜ್ಯೋತಿ. ಅಲುಗದೆ, ನಾನು ಹೇಳಿದ್ದೇ ನಿಜ ಎನ್ನುವಂತೆ.

ನಾನು ಓಡಲಿಲ್ಲ, ಇಳಿಯಲಿಲ್ಲ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಚಿಗವ್ವ, ಕಾಕಾನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದ ಹಿಟ್ಟುಗೈಯಲ್ಲೇ ಬಂದರು ಎಂದರೆ ಕೂಗಿರಬೇಕು. ಬಗ್ಗಿ ನೋಡಿದವರೇ ಪಕ್ಕದ ಹೊಲದಲ್ಲಿ ಜೋಳದ ತೆನೆ ಮುರಿಯುತ್ತಿದ್ದ ಇಬ್ಬರನ್ನು ಕರೆದರು.

"ಯಾರೂ ಇಳೀಬ್ಯಾಡ್ರಿ! ಮೊದಲ ಟೊಂಗಿ ಕಡೀರಿ!"

ದೊಡ್ಡ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಬೀಸಿದರು. ಒಬ್ಬರು ಕೊಡಗಟ್ಟಲೆ ನೀರು ಸುರಿದರು. ಒಳಗಿನ ಬಿಸಿ ಹೊಗೆವಾಸನೆ ಭುಸ್ಸೆಂದು ನನ್ನ ಮುಖಕ್ಕೆ ಬಂತು. ಕೊಂಬೆ ಗಾಳಿ ಕೊಡುತ್ತಿರಲಿಲ್ಲ, ಕೆಟ್ಟ ಗಾಳಿಯನ್ನು ಹೊರಗೆ ದಬ್ಬುತ್ತಿತ್ತು. ಅಷ್ಟನ್ನು ತಿಳಿಯಲು ಡಿಗ್ರಿ ಬೇಕಿರಲಿಲ್ಲ. ಚಿಗವ್ವ ನನ್ನ ಕಡೆ ನೋಡಿ, "ಏ ಹುಡುಗಿ, ನಿಂತಿಯೇನ ಕಂಬದಂಗ? ಹಗ್ಗ ಹಿಡಿ!" ಎಂದಾಗ ಹಗ್ಗ ಹಿಡಿದೆ.

ಆಮೇಲೆ ಆ ಇಬ್ಬರಲ್ಲೊಬ್ಬ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಎಳೆದು ತಂದು ಬೇವಿನ ನೆರಳಿನಲ್ಲಿ ಮಲಗಿಸಿದಾಗ ಉಸಿರಿತ್ತು. ಬಹಳ ಹೊತ್ತಿನ ಮೇಲೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು.

ಇಳಿಹೊತ್ತಿಗೆ ಕೊಳವೆ ಹೊತ್ತು ಕಾಕಾ ಬಂದರು. ಹೊರಸಿನ ಮೇಲೆ ಮಲಗಿದ್ದವರನ್ನು, ತೊಯ್ದ ಎರಡು ಸಾಲುಗಳನ್ನು ನೋಡಿದರು. "ಯಾರು ಹಚ್ಚಂದ್ರು?" ಎಂದರು.

ನಾನು ಕಾಕಾನ ಎದುರಿಗೇ ನಿಂತಿದ್ದೆ.

"ನಾನs ಹಚ್ಚೇನ್ರಿ ಧಣ್ಯಾರ. ಗಿಡ ನೋಡಿ ತಡೀಲಿಲ್ರಿ," ಎಂದರು ಅವರು, ಗಂಟಲು ಇನ್ನೂ ಸರಿಯಾಗಿರದ ದನಿಯಲ್ಲಿ.

ಕಾಕಾ ಸಿಟ್ಟಿನಲ್ಲಿ ಮನಬಂದಂತೆ ಬೈದರು. ಇನ್ನು ಮುಂದೆ ಇಂಜಿನ್ ಮುಟ್ಟಕೂಡದು, ಎತ್ತು ಕಾಯಿ ಎಂದರು. ಹಚ್ಚಲು ಹೇಳಿದ್ದು ನಾನು ಎಂದು ಹೇಳಲು ಮೂರೋ ನಾಲ್ಕೋ ಶಬ್ದ ಸಾಕಿತ್ತು. ಆಡಲಿಲ್ಲ.

ಕೆಲವು ವಾರಗಳ ನಂತರ ತೋಟ ಹೂವಾಯಿತು. ಆ ಎರಡು ಸಾಲು ಎಲ್ಲಕ್ಕಿಂತ ಮೊದಲು ಬೆಳ್ಳಗಾದವು. ಅವರು ಅಲ್ಲೇ ಬದುವಿನಲ್ಲಿ ಎತ್ತು ಮೇಯಿಸುತ್ತಿದ್ದರು. ಹತ್ತಿರ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಬಹುವಚನ ತಾನಾಗಿ ಬಂತು.

"ನಿಮಗ ಬೈದಿದ್ರ ನೀವು ಅಳ್ತಿದ್ರಿ. ನನಗ ಬೈಗಳ ರೂಢಿ ಐತ್ರಿ," ಎಂದು ಎತ್ತಿನ ಬೆನ್ನು ತಟ್ಟಿದರು. "ಇಂಜಿನ್ನೊಂದು ಹೋತು ನೋಡ್ರಿ. ಅದರ ಮ್ಯಾಲ ಜೀವ ಇತ್ತು."

ಇಪ್ಪತ್ತು ಹೆಜ್ಜೆ ಆಚೆ ಕಾಕಾ ಒಣಟೊಂಗೆ ಸವರುತ್ತಿದ್ದರು. ಕೂಗಿದರೆ ಕೇಳುವಷ್ಟು ದೂರ. ನಾನು ಹೂ ನೋಡುತ್ತ ನಿಂತೆ. ಹೊಸದಾಗಿ ಕೂಡಿಸಿದ್ದ ಕೊಳವೆಯಿಂದ ಹೊಗೆ ಹೊರಗೆ ಬರುತ್ತಿತ್ತು, ಬಾವಿಯಲ್ಲಿ ಬೇರೆ ಯಾರೋ ಇಂಜಿನ್ ಹಚ್ಚಿದ್ದರು. ಅವರು ತುಸು ಹೊತ್ತು ಆ ಸಪ್ಪಳಕ್ಕೆ ಕಿವಿಗೊಟ್ಟು, ಎತ್ತು ಹೊಡೆದುಕೊಂಡು ಹೋದರು.