ಲಾಲ್‌ಬಾಗಿನ ಮೈಕಿನಲ್ಲಿ ಅಮ್ಮ

ನಮ್ಮ ಕುಂದಾಣದ ಕಡೆಯವರಿಗೆ ಆಗ ಬೆಂಗಳೂರಿನಲ್ಲಿ ಎರಡೇ ಕೆಲಸ ಇರುತ್ತಿದ್ದವು. ದ್ರಾಕ್ಷಿಯನ್ನೋ ಸೊಪ್ಪನ್ನೋ ಮಾರುಕಟ್ಟೆಗೆ ಹಾಕಿ ಬರುವುದು, ಇಲ್ಲವೇ ಆಸ್ಪತ್ರೆಗೆ ಹೋಗಿ ಬರುವುದು. ಸುಮ್ಮನೆ ನೋಡಲೆಂದು ಬೆಂಗಳೂರಿಗೆ ಹೋದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ವಿಮಾನ ನಿಲ್ದಾಣ ಇನ್ನೂ ಬಂದಿರಲಿಲ್ಲ. ದೇವನಹಳ್ಳಿ ಎಂದರೆ ಚಕ್ಕೋತ ಹಣ್ಣು ನೆನಪಾಗುತ್ತಿದ್ದ ಕಾಲ. ಜನವರಿಯ ಬೆಳಗ್ಗೆ ಎದ್ದರೆ ಹೊಲದ ಮೇಲೆಲ್ಲ ಮಂಜು, ಮನೆಯೊಳಗೆಲ್ಲ ಅವರೆಕಾಯಿಯ ವಾಸನೆ. ಕಾಯಿ ಬಿಡಿಸಿ ಬಿಡಿಸಿ ಬೆರಳಿಗೆ ಅಂಟಿದ ಆ ಸೊಗಡು ಸೋಪಿಗೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪುಸ್ತಕ ಮೂಸಿದರೂ ಅದೇ ವಾಸನೆ.

ಅಂಥದೊಂದು ಜನವರಿಯಲ್ಲಿ ನಮ್ಮಜ್ಜಿಗೆ ಕಣ್ಣು ಬಂತು.

ಅಜ್ಜಿ ಎಂದರೆ ನಮ್ಮಪ್ಪನ ತಾಯಿ, ಮುನಿಯಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷಗಳಿಂದ ನಮ್ಮನ್ನೆಲ್ಲ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು. ಆ ಚಳಿಗಾಲ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿತ್ತು. ಮತ್ತೊಮ್ಮೆ ತೋರಿಸಿಕೊಂಡು ಬರುವ ದಿನಕ್ಕೆ ಸರಿಯಾಗಿ ನಮ್ಮ ದ್ರಾಕ್ಷಿ ತೋಟಕ್ಕೆ ವ್ಯಾಪಾರಿಯ ಲಾರಿ ಬರುವುದಿತ್ತು. ಅಪ್ಪ ತೋಟ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಅಮ್ಮನೇ ಅಜ್ಜಿಯನ್ನು ಕರೆದುಕೊಂಡು ಹೋಗಬೇಕಾಯಿತು. ಐದನೇ ತರಗತಿಯಲ್ಲಿದ್ದ ನಾನು ಹೊರಟಿದ್ದು ಅಜ್ಜಿಯ ಇನ್ನೊಂದು ಕೈ ಹಿಡಿಯಲು. ತಮ್ಮ ಕಿಟ್ಟಿ ಹೊರಟಿದ್ದು ಅತ್ತು ಹೊರಳಾಡಿದ್ದಕ್ಕೆ.

ಅಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಮ್ಮ ಜೋರಾಗಿ ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅಜ್ಜಿಯ ಮುಂದೆ ಕೆಮ್ಮು ಬಂದರೂ ಸೆರಗು ಅಡ್ಡ ಹಿಡಿದು ಕೆಮ್ಮುತ್ತಿದ್ದಳು. ಊಟಕ್ಕೆ ಕರೆಯಬೇಕಾದರೂ ಹತ್ತಿರ ಹೋಗಿ ನಿಂತು ಮೆಲ್ಲಗೆ "ಅತ್ತೆ, ಎಲೆ ಹಾಕಿದೀನಿ" ಅನ್ನುವಳು. ಅಜ್ಜಿ ಬಂದವರೆದುರು, "ನಮ್ ಸೊಸೆ ಕೆಲ್ಸಕ್ಕೇನೂ ಕಮ್ಮಿಯಿಲ್ಲ ಕಣವ್ವಾ, ಬಾಯೇ ಇಲ್ಲ ಅಷ್ಟೆ. ಈ ಮನೇಗೆ ಬಂದು ಇಷ್ಟು ವರ್ಷ ಆಯ್ತು, ಇವಳ ದನಿ ಹೆಂಗೈತೆ ಅಂತ ನಂಗೇ ಗೊತ್ತಿಲ್ಲ" ಎಂದು ಹೇಳಿ ನಗುತ್ತಿದ್ದಳು. ಬಂದವರೂ ನಗುತ್ತಿದ್ದರು. ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಡಾಕ್ಟರು ಅಜ್ಜಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ತುಂಬಾ ಚೆನ್ನಾಗಿದೆ ಅಜ್ಜಿ. ಧೂಳು ಬೀಳದ ಹಾಗೆ ಕಪ್ಪು ಕನ್ನಡಕ ಹಾಕ್ಕೊಳ್ಳಿ. ಇನ್ನು ಏನು ಬೇಕಾದ್ರೂ ನೋಡಿ" ಎಂದರು. ಅಜ್ಜಿ ಆ ಮಾತನ್ನು ಆಸ್ಪತ್ರೆಯ ಗೇಟು ದಾಟುವ ತನಕವೂ ಬಿಡಲಿಲ್ಲ.

"ಲೇ ಜಯಾ, ಏನ್ ಬೇಕಾದ್ರೂ ನೋಡು ಅಂದ್ರಲ್ವಾ ಡಾಕ್ಟ್ರು? ನಾನು ಲಾಲ್‌ಬಾಗ್ ನೋಡ್ಬೇಕು."

"ನಿಮ್ಮ ಮಗ ಬೇಗ ಬನ್ನಿ ಅಂದವ್ರೆ ಅತ್ತೆ" ಎಂದಳು ಅಮ್ಮ, ಎಂದಿನ ಪಿಸುದನಿಯಲ್ಲಿ.

"ನನ್ ಮಗನ್ನ ಹೆತ್ತೋಳು ನಾನೋ ನೀನೋ? ನಡಿ ನಡಿ."

ಲಾಲ್‌ಬಾಗಿನಲ್ಲಿ ಆಗ ಹೂವಿನ ಪ್ರದರ್ಶನ ನಡೆಯುತ್ತಿತ್ತು. ಅದು ನಮಗೆ ಗೊತ್ತಿರಲಿಲ್ಲ. ಗೇಟಿನಲ್ಲೇ ಜನಸಾಗರ. ಹೆಚ್ಚಿದ ಸೀಬೆಹಣ್ಣಿಗೆ ಉಪ್ಪುಕಾರ ಸವರಿದ ವಾಸನೆ, ಸುಟ್ಟ ಜೋಳದ ವಾಸನೆ, ಒಳಗೆ ಹೋದಂತೆ ನೀರು ಹಾಕಿದ ಮಣ್ಣಿನ ವಾಸನೆ. ಕಿಟ್ಟಿ ಅಲ್ಲಿಯ ದೊಡ್ಡ ಬಂಡೆ ಕಂಡದ್ದೇ ತಡ, ಹತ್ತಿ ಜಾರಿ, ಹತ್ತಿ ಜಾರಿ, ಚಡ್ಡಿಯ ಹಿಂಭಾಗ ಹರಿದುಕೊಂಡ. ಅಜ್ಜಿ ಬೈಯಲಿಲ್ಲ. ಬಂಡೆಯ ಮೇಲೆ ನಿಂತು, "ಅದ್ಯಾವ ಮರ? ಆ ಕಡೆ ಹಾರೋದು ಹದ್ದಾ ಕಾಗೆನಾ?" ಎಂದು ಕೇಳುತ್ತಲೇ ಇದ್ದಳು. ಅವಳಿಗೆ ಎಲ್ಲವೂ ಹೊಸದಾಗಿ ಕಾಣುತ್ತಿತ್ತು. ನನ್ನ ಮುಖವನ್ನೂ ಎರಡು ಕೈಯಲ್ಲಿ ಹಿಡಿದು, "ಮೂಗು ನಂದೇ ಬಂದೈತಲ್ಲೇ ನಿಂಗೆ" ಎಂದಳು.

ನಲ್ಲಿಯಲ್ಲಿ ನೀರು ಕುಡಿದೆವು. ಸಾಲಾಗಿ ನಲ್ಲಿಗಳು, ಯಾರು ಬೇಕಾದರೂ ತಿರುಗಿಸಿ ಕುಡಿಯಬಹುದಾದ ತಣ್ಣನೆಯ ನೀರು. "ಯಾರೂ ಕೇಳೋದೇ ಇಲ್ವಾ?" ಎಂದು ಅಜ್ಜಿ ಅನುಮಾನದಿಂದ ಸುತ್ತ ನೋಡಿ, ಎರಡನೇ ಸಲ ಬೊಗಸೆ ಒಡ್ಡಿದಳು. ಆಮೇಲೆ ಅಮ್ಮ ನನ್ನ ಕಿವಿಯಲ್ಲಿ ಶೌಚಾಲಯ ಎಲ್ಲಿದೆ ನೋಡು ಎಂದಳು. ಬೆಳಗ್ಗೆ ಕತ್ತಲಲ್ಲಿ ಬೇಲಿ ಮರೆಗೆ ಹೋಗಿ ಬಂದವಳು, ಇಡೀ ದಿನ ತಡೆದುಕೊಂಡಿದ್ದಳು. ಆಗೆಲ್ಲ ನಮ್ಮೂರ ಹೆಂಗಸರ ದಿನವೇ ಹಾಗೆ.

ಅಜ್ಜಿಯನ್ನು ಹತ್ತಿರದ ಕಲ್ಲುಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರಿ ಅತ್ತೆ, ಏಳಬೇಡಿ" ಎಂದು ಹೇಳಿ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಹೆಂಗಸರ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಅಮ್ಮ ಒಳಗೆ ಹೋದಳು, ಬಾಗಿಲು ಹಾಕಿದಳು, ಚಿಲಕ ಹಾಕಿದ ಸದ್ದು ಕೇಳಿತು. ಹೊರಗೆ ಬಂದವಳ ಮುಖದಲ್ಲಿ ಎಂಥದೋ ನಿರಾಳ. "ಚಿಲಕ ಐತೆ ಕಣೆ, ನೀರೂ ಬರ್ತದೆ. ನೀನೂ ಹೋಗ್ಬಾ, ಹೆದ್ರಿಕೋಬೇಡ" ಎಂದಳು.

ವಾಪಸ್ಸು ಬಂದರೆ ಬೆಂಚು ಖಾಲಿ.

ಮೊದಲು ಬೆಂಚು ಗುರುತು ತಪ್ಪಿದೆವೇನೋ ಅಂದುಕೊಂಡೆವು. ಆದರೆ ಊಟದ ಚೀಲ ಅಲ್ಲೇ ಇತ್ತು. ಅಮ್ಮ ಬೆಂಚಿನ ಹಿಂದೆ ನೋಡಿದಳು, ಮರದ ಹಿಂದೆ ನೋಡಿದಳು, ಪಕ್ಕದ ಹುಲ್ಲಿನ ಮೇಲೆ ಕೂತಿದ್ದವರ ಹತ್ತಿರ ಹೋಗಿ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನಾನೇ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. "ಕಣ್ಣು ಸರಿಯಾಗಿ ಕಾಣ್ದೆ ಇಲ್ಲಿರೋ ಕೆರೆ ಕಡೆ ಏನಾದ್ರೂ ಹೋಗ್ಬಿಟ್ಟವ್ರಾ? ನಿಮ್ಮಪ್ಪಂಗೆ ಏನು ಹೇಳ್ಲಿ? ಊರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?" ಎಂದಳು. ಕಿಟ್ಟಿ ಅಳಲು ಶುರು ಮಾಡಿದ.

ಶೌಚಾಲಯ ನೋಡಿಕೊಳ್ಳುತ್ತಿದ್ದ ಹೆಂಗಸು ಇದನ್ನೆಲ್ಲ ನೋಡಿ ಹತ್ತಿರ ಬಂದಳು. "ಯಾಕಕ್ಕಾ ಅಳ್ತೀರ? ಗಾಜಿನ ಮನೆ ಹತ್ರ ಶಾಮಿಯಾನ ಹಾಕವ್ರೆ. ಅಲ್ಲಿ ಮೈಕ್‌ನಲ್ಲಿ ಕೂಗ್ತಾರೆ. ಹೋಗಿ" ಎಂದು ದಾರಿ ತೋರಿಸಿದಳು.

ಶಾಮಿಯಾನದಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ವಯಸ್ಸಾದವರೊಬ್ಬರು ಮೈಕಿನ ಮುಂದೆ ಕೂತಿದ್ದರು. ನಾನು ಅಜ್ಜಿಯ ಹೆಸರು, ಊರು ಹೇಳಿದೆ. ಅವರು ಗಂಟಲು ಸರಿಮಾಡಿಕೊಂಡು, "ದೇವನಹಳ್ಳಿ ತಾಲ್ಲೂಕು ಕುಂದಾಣದಿಂದ ಬಂದಿರುವ ಶ್ರೀಮತಿ ಮುನಿಯಮ್ಮನವರು ಎಲ್ಲಿದ್ದರೂ ವಿಚಾರಣಾ ಕೇಂದ್ರಕ್ಕೆ ಬರಬೇಕಾಗಿ ವಿನಂತಿ" ಎಂದರು. ಮರಗಳಿಗೆ ಕಟ್ಟಿದ್ದ ಸ್ಪೀಕರುಗಳಲ್ಲೆಲ್ಲ ಅಜ್ಜಿಯ ಹೆಸರು ಮೊಳಗಿತು. ನಾವು ಕಾದೆವು. ಅವರು ಮತ್ತೊಮ್ಮೆ ಕರೆದರು.

ಕೊನೆಗೆ ಒಬ್ಬ ಮುನಿಯಮ್ಮ ಬಂದಳು. ಆದರೆ ಅವಳು ಹೊಸಕೋಟೆ ಕಡೆಯ ಜಡಿಗೇನಹಳ್ಳಿಯ ಮುನಿಯಮ್ಮ. "ನನ್ನನ್ನ ಯಾಕಪ್ಪಾ ಕರ್ದಿದ್ದು? ನಾನೇನೂ ಕಳ್ದೋಗಿಲ್ವಲ್ಲ" ಎಂದಳು ಆಕೆ ಗಾಬರಿಯಿಂದ. ವಿಷಯ ತಿಳಿದ ಮೇಲೆ ಹೋಗಲೂ ಇಲ್ಲ. ಅಮ್ಮನ ಪಕ್ಕ ನಿಂತು ಬೆನ್ನು ಸವರುತ್ತಾ, "ಸಿಗ್ತಾಳೆ ಬಿಡವ್ವಾ" ಎನ್ನತೊಡಗಿದಳು.

ಆಗ ಅಮ್ಮ ಮುಂದೆ ಹೋದಳು.

"ಸಾರ್, ನಮ್ಮತ್ತೇನ ಊರಲ್ಲಿ ಯಾರೂ ಶ್ರೀಮತಿ ಅಂತ ಕರ್ಯಲ್ಲ. ಅವ್ರಿಗೆ ಗೊತ್ತಾಗ್ತಿಲ್ಲ. ನಾನು ಕರೀಲಾ?"

ಆ ಮನುಷ್ಯ ಒಂದು ಗಳಿಗೆ ಅಮ್ಮನ ಮುಖ ನೋಡಿದರು. "ಬಾರಮ್ಮಾ, ಕೂತ್ಕೋ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅಮ್ಮ ಕೂರಲಿಲ್ಲ. ನಿಂತೇ ಮೈಕನ್ನು ಎರಡು ಕೈಯಲ್ಲಿ ಹಿಡಿದಳು. ಅದು ಕಿರ್ರೆಂದಿತು. ಅವಳು ಬೆದರಲಿಲ್ಲ.

"ಅತ್ತೇ..."

ಲಾಲ್‌ಬಾಗ್ ತುಂಬ ನಮ್ಮಮ್ಮನ ದನಿ. ಅಷ್ಟು ತುಂಬಿದ, ಅಷ್ಟು ಸ್ಪಷ್ಟವಾದ ದನಿ ಅವಳೊಳಗೆ ಎಲ್ಲಿತ್ತೋ.

"ಅತ್ತೇ, ನಾನು ಜಯ. ಹೆದ್ರಿಕೋಬೇಡಿ. ಎಲ್ಲಿ ನಿಂತಿದೀರೋ ಅಲ್ಲೇ ನಿಂತ್ಕೊಳಿ, ಇನ್ನು ಒಂದ್ ಹೆಜ್ಜೆ ಇಡ್ಬೇಡಿ. ಅಲ್ಲಿರೋ ಅಕ್ಕಂದಿರೇ, ಅಣ್ಣಂದಿರೇ, ಸ್ವಲ್ಪ ನಿಮ್ ಪಕ್ಕ ತಿರುಗಿ ನೋಡಿ. ಕಪ್ಪು ಕನ್ನಡಕ, ಹಸಿರು ಸೀರೆ, ಕೈತುಂಬ ಹಚ್ಚೆ ಹಾಕ್ಸಿರೋ ಅಜ್ಜಿ ಇದ್ರೆ ಅವ್ರೇ ನಮ್ಮತ್ತೆ. ಕಣ್ಣು ಆಪರೇಷನ್ ಆಗೈತೆ, ಯಾರೂ ನೂಕಬೇಡಿ. ಕೈ ಹಿಡ್ಕೊಂಡು ಗಾಜಿನ ಮನೆ ಹತ್ರ, ಮೈಕ್ ಇರೋ ಕಡೆ ಕರ್ಕೊಂಡ್ ಬನ್ನಿ. ಅತ್ತೇ, ನಿಮ್ಮನ್ನ ಬಿಟ್ಟು ನಾವು ಎಲ್ಲೂ ಹೋಗಲ್ಲ. ರೊಟ್ಟಿನೂ ಬಿಚ್ಚಿಲ್ಲ, ನೀವು ಬಂದ್ಮೇಲೇ ಉಣ್ಣೋದು."

ಸುತ್ತ ನಿಂತಿದ್ದವರು ನಕ್ಕರು. ಆದರೆ ಅದು ನಮ್ಮೂರಿನಲ್ಲಿ ಅಮ್ಮನನ್ನು ನೋಡಿ ನಗುತ್ತಿದ್ದಂಥ ನಗುವಲ್ಲ. ಮಫ್ಲರಿನವರು, "ನಾನು ಇಷ್ಟು ವರ್ಷದಲ್ಲಿ ಹೀಗೆ ಕೂಗಿದ್ದೇ ಇಲ್ಲವಲ್ಲಮ್ಮ" ಎಂದರು. ಜಡಿಗೇನಹಳ್ಳಿಯ ಮುನಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ ಯಾರನ್ನೂ ನೋಡದೆ ಕೆರೆಯ ಕಡೆಯಿಂದ ಬರುವ ದಾರಿಯನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಆ ದಾರಿಯಲ್ಲಿ ಒಂದು ಸಣ್ಣ ಮೆರವಣಿಗೆ ಕಂಡಿತು. ಮಧ್ಯದಲ್ಲಿ ಅಜ್ಜಿ. ಅವಳ ಒಂದೊಂದು ಕೈಗೆ ಒಬ್ಬೊಬ್ಬಳು ಕಾಲೇಜು ಹುಡುಗಿ, ಮುಂದೆ ದಾರಿ ಬಿಡಿಸುತ್ತಾ ಒಬ್ಬ ಪೊಲೀಸು, ಹಿಂದೆ ಮಕ್ಕಳು. ಅಳುತ್ತಾ ಬರುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಎದೆ ಸೆಟೆಸಿಕೊಂಡು ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಕೇಳಿಸ್ತಾ? ಈಗ ಮಾತಾಡಿದ್ದು ನಮ್ ಸೊಸೆ ಕಣ್ರವ್ವಾ. ನಮ್ಮನೆ ಸೊಸೆ" ಎನ್ನುತ್ತಿದ್ದಳು.

ಆಗಿದ್ದಿಷ್ಟು. ಬೆಂಚಿನಲ್ಲಿ ಕೂತವಳಿಗೆ ಕೆಂಪು ಹೂವಿನ ಮಡಿ ಕಂಡಿದೆ. ಹತ್ತಿರ ಹೋಗಿ ನೋಡುವಷ್ಟರಲ್ಲಿ ಅದರಾಚೆ ಹಳದಿ, ಅದರಾಚೆ ನೇರಳೆ. ಬಣ್ಣ ಕಂಡು ವರ್ಷಗಳೇ ಆಗಿದ್ದವಳು ಒಂದರಿಂದ ಒಂದಕ್ಕೆ ಹೋಗುತ್ತಾ ಕೆರೆಯಂಚಿಗೆ ಬಂದುಬಿಟ್ಟಿದ್ದಾಳೆ. ಹೆಸರು ಕೂಗಿದ್ದು ಕೇಳಿಸಿದೆ. ಬೆಂಗಳೂರಿನಲ್ಲಿ ತನ್ನನ್ನು ಯಾರು ಕರೆಯುತ್ತಾರೆ, ಬೇರೆ ಯಾರೋ ಮುನಿಯಮ್ಮ ಅಂದುಕೊಂಡಿದ್ದಾಳೆ.

"ಅತ್ತೇ ಅಂತ ಕೂಗಿದ್ರಲ್ಲ, ಯಾರ ಮನೆ ಸೊಸೆನಪ್ಪಾ ಇಂಥಾ ಗಂಟಲಿರೋಳು, ನಮ್ಮನೇದು ಪಿಸುಗುಟ್ಟೋದಲ್ವಾ ಅಂದ್ಕೊಂಡೆ" ಎಂದಳು ಅಜ್ಜಿ. "ಆಮೇಲೆ ಜಯ ಅಂತು. ಅಯ್ಯೋ, ಇದು ನಂದೇ!"

ಅಮ್ಮ ಆಗ ಅತ್ತಳು. ಅಜ್ಜಿ ಅವಳ ಗಲ್ಲ ಹಿಡಿದು, ನನ್ನ ಮುಖ ನೋಡಿದಂತೆಯೇ ಅವಳ ಮುಖವನ್ನೂ ಬಹಳ ಹೊತ್ತು ನೋಡಿದಳು. "ಈ ಬಾಯ್ನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ಯೇ? ನಾನಿದ್ದೀನಿ ಅಂತ ಬಚ್ಚಿಟ್ಟಿದ್ಯಾ?" ಎಂದಳು. ಅಮ್ಮ ಊಟದ ಚೀಲ ಬಿಚ್ಚಿದಳು.

ಹುಲ್ಲಿನ ಮೇಲೆ ಕೂತು ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಕಾಲೇಜು ಹುಡುಗಿಯರನ್ನೂ, ಇನ್ನೊಬ್ಬ ಮುನಿಯಮ್ಮನನ್ನೂ ಅಜ್ಜಿ ಬಿಡದೆ ಕೂರಿಸಿದಳು. ಮಫ್ಲರಿನವರಿಗೆ ಒಂದು ರೊಟ್ಟಿಯನ್ನು ಮೈಕಿನ ಹತ್ತಿರಕ್ಕೇ ಕಳಿಸಿದಳು.

ಊರಿಗೆ ಬಂದ ಮೇಲೆ ಅಜ್ಜಿ ಕಣ್ಣು ಬಂದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದೆಲ್ಲ ಸೊಸೆಯ ಸುದ್ದಿಯೇ. ಬಾವಿಕಟ್ಟೆಯಲ್ಲಿ, ಹಾಲಿನ ಡೇರಿಯಲ್ಲಿ, ಮದುವೆ ಮನೆಗಳಲ್ಲಿ ಹೇಳುತ್ತಾ ಹೇಳುತ್ತಾ ಆ ಕಥೆ ಬೆಳೆಯಿತು. ಕೆಲವು ವರ್ಷಗಳಲ್ಲಿ ಅದರೊಳಗೆ ಒಬ್ಬ ಮಂತ್ರಿಯೂ ಬಂದು ಅಮ್ಮನ ಮಾತು ಕೇಳಿಸಿಕೊಂಡು ನಿಂತಿದ್ದ. ಅಮ್ಮ, "ಅತ್ತೆ, ಮಂತ್ರಿ ಎಲ್ಲಿದ್ರು?" ಎಂದರೆ, "ನೀನು ಮೈಕ್ ನೋಡ್ತಿದ್ದೆ, ನಿಂಗೆಲ್ಲಿ ಕಾಣ್ಬೇಕು, ಸುಮ್ನಿರು" ಎನ್ನುತ್ತಿದ್ದಳು.

ಹೆಂಗಸರ ಸಂಘ ಶುರುವಾದಾಗ ಅಮ್ಮನನ್ನು ಕಳಿಸಿದ್ದು ಅಜ್ಜಿಯೇ. ಗ್ರಾಮಸಭೆಗೂ ಅವಳೇ ಎಬ್ಬಿಸಿ ಕಳಿಸಿದಳು. ಅಲ್ಲಿ ಗಂಡಸರೆಲ್ಲ ಚರಂಡಿ, ರಸ್ತೆ ಎಂದು ಮಾತಾಡಿ ಮುಗಿಸಿದ ಮೇಲೆ ಅಮ್ಮ ಎದ್ದು ನಿಂತು, "ಸ್ಕೂಲಲ್ಲಿ ಹೆಣ್ಮಕ್ಕಳಿಗೆ ಒಂದು ಶೌಚಾಲಯ ಬೇಕು. ಬಾಗಿಲಿರ್ಬೇಕು, ಬಾಗಿಲಿಗೆ ಚಿಲಕ ಇರ್ಬೇಕು, ನೀರು ಬರ್ಬೇಕು. ಲಾಲ್‌ಬಾಗಲ್ಲಿ ಊರೂರಿಂದ ಬಂದೋರಿಗೆಲ್ಲ ಮಾಡಿಟ್ಟವ್ರೆ, ನಮ್ ಮಕ್ಕಳಿಗೆ ನಾವು ಮಾಡಕಾಗಲ್ವಾ?" ಎಂದಳಂತೆ. ತಡವಾಯಿತು, ಆದರೆ ಆಯಿತು. ಅದರ ಚಿಲಕವನ್ನು ಮೊದಲು ಹಾಕಿಕೊಂಡ ಹುಡುಗಿಯರಲ್ಲಿ ನಾನೂ ಒಬ್ಬಳು. ಇದನ್ನು ಹೇಳುವಾಗ ಈಗಲೂ ನನಗೆ ಜಂಬವೇ.

ಈಗ ನಾನು ದೇವನಹಳ್ಳಿಯಲ್ಲಿದ್ದೇನೆ. ನಮ್ಮ ದ್ರಾಕ್ಷಿ ತೋಟ ಇದ್ದ ಕಡೆ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಮಗಳನ್ನು ಕರೆದುಕೊಂಡು ಆಗಾಗ ಲಾಲ್‌ಬಾಗಿಗೆ ಹೋಗುತ್ತೇನೆ. ಮರಗಳು ಹಾಗೇ ಇವೆ, ನಡೆಯಲಾರದವರಿಗೆ ಬ್ಯಾಟರಿ ಗಾಡಿಯೂ ಬಂದಿದೆ. ಹೋದ ಸಲ ಮಗಳು ಜನದ ನಡುವೆ ಕಣ್ಮರೆಯಾದಳು. ಫೋನು ಮಾಡಿದೆ, ಇರುವ ಜಾಗವನ್ನು ಫೋನಿನಲ್ಲೇ ಕಳಿಸಿದಳು, ಹೋಗಿ ಕರೆದುಕೊಂಡು ಬಂದೆ. ಒಳ್ಳೆಯದೇ ಆಯಿತು. ಆದರೆ ಪಕ್ಕದಲ್ಲಿದ್ದ ಯಾರೂ ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಯಾರ ಕೈಯನ್ನೂ ಯಾರೂ ಹಿಡಿಯಲಿಲ್ಲ. ನಮ್ಮ ರೊಟ್ಟಿಯನ್ನು ನಾವೇ ತಿಂದು ಮನೆಗೆ ಬಂದೆವು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಅಮ್ಮ ಆ ಕಥೆಯನ್ನು ತಾನಾಗಿ ಎಂದೂ ಹೇಳುವುದಿಲ್ಲ. ಮೊಮ್ಮಗಳು ಪೀಡಿಸಿದರೆ, "ಅದೇನು ದೊಡ್ಡ ವಿಷ್ಯ ಬಿಡೇ" ಎಂದು ಎದ್ದು ಹೋಗುತ್ತಾಳೆ. ಅಜ್ಜಿ ಹೇಳಿದರೇ ಅದಕ್ಕೆ ಸೊಗಸು. ನಮ್ಮ ಮನೆಯಲ್ಲಿ ಈಗ ಅಮ್ಮ, ನಾನು, ಮಗಳು, ಮೂವರೂ ಗಟ್ಟಿಯಾಗಿ ಮಾತಾಡುವ ಹೆಂಗಸರೇ. ಇನ್ನೊಬ್ಬಳ ಮಾತನ್ನು ಬೀದಿ ಬೀದಿಯಲ್ಲಿ ಹೊಗಳಿಕೊಂಡು ಬರುವವಳು ಮಾತ್ರ ಇಲ್ಲ.